‘ನರ’ ಅಂದರೆ ಯಾವ ನರ? ಮಿದುಳಿನ ‘ಪಾತ್‌ವೇ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹದಿನೈದು ದಿನದಿಂದ ಒಂದೇ ಪದದ ಹಿಂದೆ ಬಿದ್ದಿದ್ದೇನೆ. ಲಕ್ವ ಹೊಡೆದವರ ಮನೆಯವರಿಗೆ ಕೊಡಲು ಎಂಟು ಪುಟದ ಕೈಹೊತ್ತಿಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪುಟಕ್ಕೆ ಮೂರು ನಾಲ್ಕು ಸಲ ‘ನ್ಯೂರಲ್ ಪಾತ್‌ವೇ’, ಅಂದರೆ ಮಿದುಳಿನಲ್ಲಿ ಸುದ್ದಿ ಸಾಗುವ ಹಾದಿ, ಬರುತ್ತದೆ. ಮೊದಲ ಕರಡಿನಲ್ಲಿ ಹೆಚ್ಚು ಯೋಚಿಸದೆ ‘ನರಮಾರ್ಗ’ ಎಂದು ಹಾಕಿದೆ. ಓದಿ ನೋಡಿ ಅಂತ ಚಿಕ್ಕಮ್ಮನ ಕೈಗೆ ಕೊಟ್ಟೆ. ಎರಡನೇ ಪುಟಕ್ಕೇ ನಿಲ್ಲಿಸಿ ಕೇಳಿದರು: “ಯಾವ ನರ ಇದು? ಕೈದಾ, ಕುತ್ತಿಗೇದಾ?”

ಚಿಕ್ಕಮ್ಮ ಹಾಗೆ ಕೇಳಿದ್ದಕ್ಕೆ ಕಾರಣ ಇದೆ. ಚಿಕ್ಕಪ್ಪನಿಗೆ ಲಕ್ವ ಹೊಡೆದು ಆರು ವರ್ಷವಾಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಗ್ಗೆ ಹೋದವು. ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದವರು “ಎಡಗಡೆ ನರ ಬ್ಲಾಕ್ ಆಗಿದೆ” ಎಂದರು. ಅವರು ಹೇಳಿದ್ದು ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳದ ಮಾತು. ಚಿಕ್ಕಮ್ಮನ ಕಿವಿಗೆ ಬಿದ್ದದ್ದು ‘ನರ’ ಮಾತ್ರ. ಬಿದ್ದಿರುವುದು ಬಲಗೈ, ಇವರು ಎಡ ಅಂತಾರಲ್ಲ, ಡಾಕ್ಟರಿಗೇ ಎಡಬಲ ತಪ್ಪಿರಬೇಕು ಎಂದುಕೊಂಡರು. ಮನೆಗೆ ಬಂದ ಮೇಲೆ ಎರಡು ತಿಂಗಳು, ದಿನಕ್ಕೆ ಎರಡು ಹೊತ್ತು, ಬಲಗೈಗೆ ಎಣ್ಣೆ ನೀವಿದ್ದೇ ನೀವಿದ್ದು. ಭುಜದಿಂದ ಬೆರಳ ತುದಿಯವರೆಗೆ. ‘ನರ ಬಿಡಿಸುವುದು’ ಎಂದು ಅದಕ್ಕೆ ಹೆಸರು. ವ್ಯಾಯಾಮ ಬರೆದುಕೊಟ್ಟಿದ್ದ ಚೀಟಿ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಕೆಳಗೆ ಭದ್ರವಾಗಿತ್ತು. ಎಣ್ಣೆಯಿಂದ ಕೆಡುಕೇನೂ ಆಗಲಿಲ್ಲ, ಚಿಕ್ಕಪ್ಪನಿಗೆ ಹಿತವಾಗಿಯೇ ಇತ್ತು. ಆದರೆ ಲಕ್ವದಲ್ಲಿ ಚೇತರಿಕೆ ಜಾಸ್ತಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಅದರಲ್ಲಿ ಎರಡು ಹೀಗೆ ಹೋದವು.

ತಪ್ಪು ಚಿಕ್ಕಮ್ಮನದ್ದಲ್ಲ. ನಾವು ದಿನಾ ‘ನರ’ವನ್ನು ಹೇಗೆ ಬಳಸುತ್ತೇವೆ ನೋಡಿ. ಡ್ರಿಪ್ ಹಾಕಲು ಬಂದ ನರ್ಸ್ “ನರ ಸಿಗ್ತಿಲ್ಲ” ಅನ್ನುತ್ತಾರೆ, ಅದು ರಕ್ತನಾಳ. “ಕುತ್ತಿಗೆ ನರ ಹಿಡ್ಕೊಂಡಿದೆ” ಅಂದರೆ ಹೆಚ್ಚಿನ ಸಲ ಸ್ನಾಯು. ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಬಿಗಿಯಾಗಿರುವುದನ್ನೂ ನರ ಅನ್ನುತ್ತೇವೆ, ಅದು ಮೂಳೆಗೆ ಸ್ನಾಯುವನ್ನು ಕಟ್ಟುವ ರಜ್ಜು. ವೀಳ್ಯದೆಲೆಯ ಬೆನ್ನಿನಲ್ಲೂ ನರ ಇದೆ. ಧೈರ್ಯವಿಲ್ಲದವನು ‘ನರಸತ್ತವನು’. ಪಠ್ಯಪುಸ್ತಕ ಹೇಳುವ ನರ, ಅಂದರೆ ಸುದ್ದಿ ಒಯ್ಯುವ ಎಳೆ, ಈ ಗುಂಪಿನಲ್ಲಿ ಕೊನೆಗೆ ಬಂದು ಸೇರಿಕೊಂಡದ್ದು.

ಇದು ಕನ್ನಡದ ಬಡತನ ಅಂತ ಯಾರಾದರೂ ಹೇಳುವ ಮೊದಲೇ ಒಂದು ಮಾತು. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಹೀಗೇ ಇತ್ತು, ಮಾಂಸವನ್ನು ಮೂಳೆಗೆ ಕಟ್ಟುವ ರಜ್ಜುವಿಗೆ ಇದ್ದ ಹೆಸರು ಅದು. ಸುಮಾರು 2,300 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ವೈದ್ಯ ಹೆರೋಫಿಲಸ್ ಹೆಣಗಳನ್ನು ಕೊಯ್ದು ನೋಡಿ, ರಜ್ಜು ಬೇರೆ, ಸುದ್ದಿ ಒಯ್ಯುವ ಎಳೆ ಬೇರೆ ಎಂದು ವಿಂಗಡಿಸಿದ. ತಮಿಳಿನ ‘ನರಂಬು’ ನಮ್ಮ ನರದ ಒಡಹುಟ್ಟು. ಅದಕ್ಕೆ ಯಾಳ್ ವಾದ್ಯದ ತಂತಿ ಎಂಬ ಅರ್ಥವೂ ಇದೆ. ಸ್ನಾಯುವಿನ ಕತೆ ಇನ್ನೂ ಮಜವಾಗಿದೆ. ಸಂಸ್ಕೃತದಲ್ಲಿ ಅದು ರಜ್ಜು. ನಮಗೂ ಮರಾಠಿಯವರಿಗೂ ಅದು ಮಾಂಸಖಂಡ. ಬಂಗಾಳಿಯವರಿಗೆ ಅದೇ ನರ! ಅವರು ನರಮಂಡಲಕ್ಕೆ ‘ಸ್ನಾಯುತಂತ್ರ’ ಅನ್ನುತ್ತಾರೆ. ಬಂಗಾಳಿಯಿಂದ ಕನ್ನಡಕ್ಕೆ ತರುವವರು ಹುಷಾರಾಗಿರಿ.

ಈಗ ವಿಷಯಕ್ಕೆ. ಮಿದುಳಿನ ಹೊರಪದರದಲ್ಲಿ, ಎಡಗಡೆ, ಬಲಗೈಯನ್ನು ಆಡಿಸುವ ಜಾಗ ಇದೆ. ಅಲ್ಲಿಂದ ಹೊರಟ ಎಳೆಗಳು ಕೆಳಗಿಳಿಯುತ್ತ ಒಂದು ಕಟ್ಟಾಗುತ್ತವೆ. ಮಿದುಳು ಬೆನ್ನುಹುರಿಗೆ ಸೇರುವ ಕಡೆ, ಹತ್ತರಲ್ಲಿ ಎಂಟೊಂಬತ್ತು ಪಾಲು ಎಳೆಗಳು ಆಚೆ ಮಗ್ಗುಲಿಗೆ ದಾಟಿಬಿಡುತ್ತವೆ. ಬಲಗಡೆಯಿಂದ ಬಂದವು ಎಡಕ್ಕೆ, ಎಡದಿಂದ ಬಂದವು ಬಲಕ್ಕೆ. ಎರಡೆಳೆ ಜಡೆ ಹೆಣೆದ ಹಾಗೆ. ಎಡಮಿದುಳಿಗೆ ಪೆಟ್ಟು ಬಿದ್ದರೆ ಬಲಗೈ ಬೀಳುವುದು ಅದಕ್ಕೇ. ಡಾಕ್ಟರಿಗೆ ಎಡಬಲ ತಪ್ಪಿರಲಿಲ್ಲ. ಆ ದಾಟುವಿಕೆಗೆ ‘ಪಿರಮಿಡ್ ವ್ಯತ್ಯಾಸ’ ಎಂದು ಒಂದು ಕಡೆ ಓದಿದೆ, ಏನೂ ಅರ್ಥವಾಗಲಿಲ್ಲ. ನಾನು ‘ಹೆಣಿಗೆ’ ಎಂದು ಹಾಕಿದ್ದೇನೆ. ‘ಕತ್ತರಿ’ ಅನ್ನಬಹುದಿತ್ತು, ಆಕಾರ ಸರಿಯಾಗಿದೆ. ಆದರೆ ‘ಕತ್ತರಿ ಬಿತ್ತು’ ಅಂದರೆ ಕಡಿತವಾಯಿತು ಅಂತಲೇ ಓದುತ್ತಾರೆ ಅಲ್ವಾ?

ಹೀಗೆ ಮಿದುಳಿನ ಒಳಗೇ ಹರಿಯುವ ಕಟ್ಟಿಗೆ ಇಂಗ್ಲಿಷಿನವರು ‘ನರ್ವ್’ ಅನ್ನುವುದಿಲ್ಲ. ಒಳಗಿದ್ದರೆ ‘ಟ್ರ್ಯಾಕ್ಟ್’ ಅಥವಾ ‘ಫ್ಯಾಸಿಕ್ಯುಲಸ್’, ಹೊರಗೆ ಬಂದ ಮೇಲೆ ನರ್ವ್. ಈ ಗೆರೆಯನ್ನು ನಾವು ಕನ್ನಡದಲ್ಲಿ ಎಳೆದೇ ಇಲ್ಲ. ಎರಡಕ್ಕೂ ನರ ಅಂದು ಸುಮ್ನೆ ಮುಂದೆ ಹೋಗುತ್ತೇವೆ. ಚಿಕ್ಕಪ್ಪನ ಕೈಯ ನರಗಳು ಆ ಎರಡು ತಿಂಗಳೂ ಗಟ್ಟಿಯಾಗಿಯೇ ಇದ್ದವು. ಕೆಟ್ಟದ್ದು ತಲೆಯೊಳಗಿನ ಕಟ್ಟು.

ಹಾಗೆ ನೋಡಿದರೆ ಆಡುಮಾತಿನಲ್ಲಿ ಒಂದು ಪಕ್ಕಾ ಪದ ಇದೆ, ‘ಸ್ವಾಧೀನ’. “ಕೈ ಸ್ವಾಧೀನ ಇಲ್ಲ” ಅನ್ನುತ್ತಾರೆ ಹಳ್ಳಿಯಲ್ಲಿ. ಕೈ ಇದೆ, ಮಾಂಸ ಇದೆ, ನರವೂ ಇದೆ, ಮಾತು ಕೇಳುವುದಿಲ್ಲ ಅಷ್ಟೆ. ಡಾಕ್ಟರು “ತಲೆಗೆ ಪೆಟ್ಟು ಬಿದ್ದು ಕೈ ಸ್ವಾಧೀನ ತಪ್ಪಿದೆ” ಎಂದಿದ್ದರೆ ಎಣ್ಣೆಯ ಖರ್ಚು ಸ್ವಲ್ಪ ಉಳಿಯುತ್ತಿತ್ತು. ‘ಚಲನ ನಿಯಂತ್ರಣ’ ಎಂದು ಬರೆದಿದ್ದ ಕಡೆಯೆಲ್ಲ ಹೊಡೆದುಹಾಕಿ ಸ್ವಾಧೀನ ಎಂದು ತಿದ್ದಿದ್ದೇನೆ.

ಮಾತಿನ ಭಾಗಕ್ಕೆ ಬಂದಾಗ ಪದ ಇನ್ನೂ ಕೈಕೊಡುತ್ತದೆ. ನಮ್ಮಲ್ಲಿ “ಬಾಯಿ ಬಿದ್ದುಹೋಯಿತು” ಅನ್ನುತ್ತಾರೆ. ಆದರೆ ಚಿಕ್ಕಪ್ಪನ ಬಾಯಿ ಬಿದ್ದಿರಲಿಲ್ಲ. ನೀರು ಬೇಕು ಅನ್ನಲು ಆಗುತ್ತಿರಲಿಲ್ಲ, “ಅದು, ಅದು” ಎಂದು ಚೊಂಬು ತೋರಿಸುತ್ತಿದ್ದರು. ಸಂಜೆ ದೀಪ ಹಚ್ಚುವಾಗ ಚಿಕ್ಕಮ್ಮ ದಾಸರ ಪದ ಎತ್ತಿಕೊಂಡರೆ ಎರಡನೇ ಸಾಲಿನಿಂದ ಜೊತೆಗೂಡಿ, ಮುಗಿಯುವವರೆಗೆ ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ನಾವೆಲ್ಲ ಪವಾಡ ಅಂದುಕೊಂಡೆವು. ಮಿದುಳಿನ ವೈದ್ಯರಿಗೆ ಇದು ಹಳೆಯ ಸುದ್ದಿ. ಹೊಸದಾಗಿ ಮಾತು ಕಟ್ಟುವುದು ಬೇರೆ, ಬಾಯಿಪಾಠ ಆಗಿರುವುದು ಹೊರಬರುವುದು ಬೇರೆ. ಒಂದರಿಂದ ಹತ್ತರವರೆಗೆ ಎಣಿಸುವುದು, ಬೈಗುಳ, ಹಾಡು ಎಷ್ಟೋ ಸಲ ಉಳಿದುಕೊಳ್ಳುತ್ತವೆ. ಅದನ್ನೇ ಹಿಡಿದು 1973ರಲ್ಲಿ ಬಾಸ್ಟನ್‌ನಲ್ಲಿ, ರಾಗದ ಮೇಲೆ ಮಾತನ್ನು ಹತ್ತಿಸುವ ಚಿಕಿತ್ಸೆಯೊಂದನ್ನು ಶುರು ಮಾಡಿದರು.

ಪ್ಯಾರಿಸ್ ಪಕ್ಕದ ಬಿಸೆಟ್ರ್ ಆಸ್ಪತ್ರೆಯಲ್ಲಿದ್ದ ಲೆಬೋರ್ನ್ ಎಂಬವನ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಏನು ಕೇಳಿದರೂ ‘ಟಾನ್, ಟಾನ್’ ಅನ್ನುತ್ತಿದ್ದ. ಸಿಟ್ಟು ಬಂದರೆ ಮಾತ್ರ ಒಂದು ಪೂರ್ತಿ ಬೈಗುಳ ಬರುತ್ತಿತ್ತು. 1861ರಲ್ಲಿ ಅವನು ಸತ್ತಾಗ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಮಿದುಳನ್ನು ತೆಗೆದು ನೋಡಿ, ಎಡಗಡೆ ಹಣೆಯ ಹಿಂದಿನ ಒಂದು ಭಾಗ ಕೆಟ್ಟಿರುವುದನ್ನು ತೋರಿಸಿದ. ಆ ಜಾಗಕ್ಕೆ ಈಗಲೂ ಅವನದೇ ಹೆಸರು. ಪುಣ್ಯಕ್ಕೆ ಬ್ರೋಕಾ ಅದನ್ನು ಹೋಳು ಮಾಡದೆ ಇಡಿಯಾಗಿ ಉಳಿಸಿದ್ದ. 2007ರಲ್ಲಿ ಅದೇ ಮಿದುಳಿನ ಎಂಆರ್‌ಐ ಚಿತ್ರಗಳು ಪ್ರಕಟವಾದವು. ಪೆಟ್ಟು ಬ್ರೋಕಾ ಬೆರಳಿಟ್ಟ ಜಾಗದಲ್ಲಿ ನಿಂತಿರಲಿಲ್ಲ. ಆಳಕ್ಕೆ ಇಳಿದು, ಮಿದುಳಿನ ಮುಂಭಾಗವನ್ನು ಹಿಂಭಾಗಕ್ಕೆ ಜೋಡಿಸುವ ಎಳೆಗಳನ್ನೂ ತಿಂದುಹಾಕಿತ್ತು. ಒಂದೂರು ಮುಳುಗಿತು ಅಂತ ನೂರೈವತ್ತು ವರ್ಷ ಹೇಳುತ್ತಿದ್ದೆವು, ಊರಿನ ರಸ್ತೆಯೂ ಕೊಚ್ಚಿಹೋಗಿತ್ತು ಅನ್ನಿ.

ಈ ಎಳೆಗಳ ಪೈಕಿ ಮುಖ್ಯವಾದದ್ದು ‘ಆರ್ಕ್ಯುಯೇಟ್ ಫ್ಯಾಸಿಕ್ಯುಲಸ್’. ಕಿವಿಯ ಮೇಲ್ಗಡೆ, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಕಡೆಯಿಂದ ಹೊರಟು, ಕಮಾನಿನ ಹಾಗೆ ಬಾಗಿ, ಮಾತು ಹೊರಡಿಸುವ ಕಡೆಗೆ ಬರುತ್ತದೆ. 1874ರಲ್ಲಿ ವೆರ್ನಿಕೆ ಎಂಬ ಜರ್ಮನ್ ವೈದ್ಯ ಒಂದು ಊಹೆ ಮಾಡಿದ. ಎರಡು ಜಾಗಗಳೂ ಚೆನ್ನಾಗಿದ್ದು ನಡುವಿನ ಜೋಡಣೆ ಮಾತ್ರ ಕೆಟ್ಟರೆ ಏನಾದೀತು? ಅಂಥ ರೋಗಿಗಳು ನಿಜವಾಗಿಯೂ ಇದ್ದಾರೆ. ಹೇಳಿದ್ದು ತಿಳಿಯುತ್ತದೆ, ತಾವಾಗಿ ಮಾತೂ ಆಡುತ್ತಾರೆ. ಆದರೆ “ನಾನು ಹೇಳಿದ್ದನ್ನೇ ಹೇಳಿ” ಎಂದರೆ ತಡವರಿಸುತ್ತಾರೆ. ಈಗಿನವರು ಇದಕ್ಕೆ ಆ ಹಾದಿಯೊಂದನ್ನೇ ದೂರುವುದಿಲ್ಲ, ಅಕ್ಕಪಕ್ಕದ ಹೊರಪದರದ ಪಾಲೂ ಇದೆ ಎನ್ನುತ್ತಾರೆ.

ಸರಿ, ಆ ಕಟ್ಟಿಗೆ ಏನನ್ನೋಣ? ‘ಫ್ಯಾಸಿಕ್ಯುಲಸ್’ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ಕಟ್ಟು. ಫ್ಯಾಸಿಸ್ಟರ ಹೆಸರೂ ಅದೇ ಬೇರಿನದು, ಅದಿರಲಿ. ಕೊಯ್ದ ರಾಗಿಯನ್ನು ಹಿಡಿ ಹಿಡಿಯಾಗಿ ಕಟ್ಟಿಡುತ್ತೇವಲ್ಲ, ಆ ‘ಸಿವುಡು’ ನನಗೆ ಬಹಳ ಹಿಡಿಸಿದೆ. ಉದ್ದುದ್ದ ಎಳೆಗಳು, ಒಂದೇ ದಿಕ್ಕು, ಒಂದೇ ಕಟ್ಟು. ಆರ್ಕ್ಯುಯೇಟ್‌ಗೆ ಮೊದಲು ‘ಬಿಲ್ಲುಸಿವುಡು’ ಎಂದು ಬರೆದೆ. ಮಗಳು ನಕ್ಕಳು. ಆಸ್ಪತ್ರೆಯ ಪುಸ್ತಕದಲ್ಲಿ ಬಿಲ್ಲು ಅಂದರೆ ಎಲ್ಲರಿಗೂ ನೆನಪಾಗುವುದು ಕೌಂಟರಿನಲ್ಲಿ ಕಟ್ಟುವ ಬಿಲ್ಲೇ! ಈಗ ‘ಕಮಾನುಸಿವುಡು’ ಆಗಿದೆ. ಬೆನ್ನುಹುರಿ ಹೇಗೂ ಇರುವುದರಿಂದ ‘ಮಿದುಳುಹುರಿ’ ಅನ್ನಬಹುದು ಎಂದು ಗೆಳೆಯರೊಬ್ಬರ ವಾದ. ಹುರಿ ಅಂದರೆ ಹೊಸೆದದ್ದು. ಇಲ್ಲಿ ಹೊಸೆತ ಇಲ್ಲ, ಜೊತೆಗಿಟ್ಟು ಕಟ್ಟಿದ್ದು ಅಷ್ಟೇ. ನನಗೆ ಒಪ್ಪಿಗೆಯಿಲ್ಲ.

ಆದರೆ ‘ಪಾತ್‌ವೇ’ ಎಲ್ಲ ಕಡೆಯೂ ಸಿವುಡಲ್ಲ, ನನ್ನ ತೊಡಕು ಇರುವುದು ಇಲ್ಲೇ. “ದಿನಾ ಅಭ್ಯಾಸ ಮಾಡಿದರೆ ಹೊಸ ಪಾತ್‌ವೇ ಗಟ್ಟಿಯಾಗುತ್ತದೆ” ಎಂದು ಐದನೇ ಪುಟದಲ್ಲಿದೆ. ಅಲ್ಲಿ ಹೊಸ ಸಿವುಡು ಹುಟ್ಟುತ್ತದೆ ಎಂದರೆ ಸುಳ್ಳಾಗುತ್ತದೆ. ಆಗುವುದು ಬೇರೆ. ಒಂದು ನರಕೋಶಕ್ಕೂ ಇನ್ನೊಂದಕ್ಕೂ ಇರುವ ಸಂದಿಯಲ್ಲಿ, ಪದೇ ಪದೇ ಬಳಸಿದ ಕಡೆ ಸುದ್ದಿ ಸಲೀಸಾಗಿ ದಾಟುತ್ತದೆ. ಉಳಿದ ಭಾಗಗಳು ಹೋದ ಭಾಗದ ಕೆಲಸವನ್ನು ಒಂದಿಷ್ಟು ಹೊರುತ್ತವೆ. ಇದಕ್ಕೆ ನನ್ನ ಓಟು ‘ಜಾಡು’ವಿಗೆ. ಗಾಡಿ ಓಡಾಡಿ ಓಡಾಡಿ ಬಿದ್ದ ಜಾಡು. ಯಾರೂ ಕಟ್ಟಿದ್ದಲ್ಲ, ಬಳಸಿದರೆ ಆಳವಾಗುತ್ತದೆ, ಬಿಟ್ಟರೆ ಹುಲ್ಲು ಬೆಳೆಯುತ್ತದೆ. ‘ಜಾಡು ಬೀಳುವುದು’ ಎಂಬ ಕ್ರಿಯಾಪದವೂ ಜೊತೆಗೇ ಸಿಗುತ್ತದೆ. ‘ಮಾರ್ಗ’ಕ್ಕೆ ಈ ಅನುಕೂಲ ಇಲ್ಲ. ಬೇರೆಯವರು ಕೈ ನೀವಿದರೆ ಜಾಡು ಬೀಳುವುದಿಲ್ಲ, ರೋಗಿಯೇ ಕೈ ಎತ್ತಲು ಹೋಗಬೇಕು ಎಂದು ಬರೆದರೆ ಚಿಕ್ಕಮ್ಮನಂಥವರಿಗೂ ತಟ್ಟುತ್ತದೆ.

ಚಿಕ್ಕಪ್ಪ ಈಗ ವೀಳ್ಯದೆಲೆಯ ನರವನ್ನು ಎಡಗೈಯಲ್ಲಿ ಬಿಡಿಸುತ್ತಾರೆ. ಎಲೆಯನ್ನು ಮಂಡಿಯ ಮೇಲೆ ಬೋರಲು ಹಾಕಿ, ಬಲಗೈಯನ್ನು ತೂಕದ ಕಲ್ಲಿನ ಹಾಗೆ ಅಂಚಿಗೆ ಇಟ್ಟು, ಎಡ ಹೆಬ್ಬೆರಳ ಉಗುರಿನಿಂದ ತೊಟ್ಟಿನಿಂದ ತುದಿಗೆ ಒಂದೇ ಎಳೆತ. ಮೊದಲ ವರ್ಷ ಹತ್ತರಲ್ಲಿ ಎಂಟು ಎಲೆ ಹರಿಯುತ್ತಿದ್ದವು. “ಎಡಗೈ ಪಳಗಿತು” ಅನ್ನುತ್ತಾರೆ ಚಿಕ್ಕಮ್ಮ. ಮಾಡಿ ಮಾಡಿ ಮೈಗೂಡಿದ ಕೆಲಸದ ನೆನಪಿಗೆ ಇಂಗ್ಲಿಷಿನಲ್ಲಿರುವ ‘ಪ್ರೊಸೀಜರಲ್ ಮೆಮರಿ’ಯನ್ನು ‘ಕಾರ್ಯವಿಧಾನ ಸ್ಮೃತಿ’ ಎಂದು ಬರೆಯುವವರು ಈ ‘ಕೈ ಪಳಗು’ವನ್ನು ಒಮ್ಮೆ ಬಾಯಲ್ಲಿ ಆಡಿ ನೋಡಬೇಕು.

ಇನ್ನೊಂದು ತಕರಾರು, ಚಿಕ್ಕದು. ಮಿದುಳಿನ ಬೂದುಬಣ್ಣದ ಮತ್ತು ಬಿಳಿಬಣ್ಣದ ಭಾಗಗಳಿಗೆ, ಅಂದರೆ ಗ್ರೇ ಮ್ಯಾಟರ್, ವೈಟ್ ಮ್ಯಾಟರ್‌ಗೆ, ‘ಬೂದುದ್ರವ್ಯ’, ‘ಶ್ವೇತದ್ರವ್ಯ’ ಎಂದು ಬರೆಯುವುದು ರೂಢಿಯಾಗಿದೆ. ನಾನು ಕೇಳಿದ ಐದಾರು ಜನರಲ್ಲಿ ಒಬ್ಬರೂ ಬಿಡದೆ ಅದನ್ನು ದ್ರವ ಎಂದೇ ತಿಳಿದಿದ್ದರು, ತಲೆಯೊಳಗೆ ಬಿಳಿ ನೀರು ತುಂಬಿದೆ ಅನ್ನುವ ಹಾಗೆ. ಸಿವುಡುಗಳೆಲ್ಲ ಇರುವುದು ಬಿಳಿಯದರಲ್ಲಿ. ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವುದರಿಂದ ಬಿಳಿ ಕಾಣುತ್ತದೆ. ‘ಬೂದುತಿರುಳು’, ‘ಬಿಳಿತಿರುಳು’ ಎಂದರೆ ಹೇಗೆ?

ನಿಮ್ಮಿಂದ ಬೇಕಾದದ್ದು ಇಷ್ಟು. ಒಂದು, ಸಿವುಡು ಎಷ್ಟು ಕಡೆ ತಿಳಿಯುತ್ತದೆ? ನಮ್ಮ ಹಾಸನದ ಕಡೆ ಸರಿ. ಉತ್ತರ ಕರ್ನಾಟಕದವರು ಪೆಂಡಿ ಅನ್ನುತ್ತೀರಿ, ಸೂಡು ಅನ್ನುವುದನ್ನೂ ಕೇಳಿದ್ದೇನೆ. ಇವುಗಳಲ್ಲಿ ಗಾತ್ರದ ವ್ಯತ್ಯಾಸ ಇದೆಯಾ? ಸಿವುಡಿಗಿಂತ ಪೆಂಡಿ ದೊಡ್ಡದಾ? ಎರಡು, ಕರಾವಳಿಯವರಿಗೆ ‘ಜಾಡು’ ಕಿವಿಗೆ ಹೇಗೆ ಬೀಳುತ್ತದೆ? ಮೂರು, ಲಕ್ವದ ರೋಗಿಗಳ ಜೊತೆ ಕೆಲಸ ಮಾಡುವವರು ಈ ಬಳಗದಲ್ಲಿ ಇದ್ದರೆ, ವಾರ್ಡಿನಲ್ಲಿ ನೀವು ನಿಜವಾಗಿ ಯಾವ ಪದ ಬಳಸುತ್ತೀರಿ ಹೇಳಿ, ಪುಸ್ತಕದ್ದು ಬೇಡ. ತಿದ್ದಿದ ಕರಡನ್ನು ಭಾನುವಾರ ಚಿಕ್ಕಮ್ಮನಿಗೆ ಇನ್ನೊಮ್ಮೆ ಓದಿಸುವವನಿದ್ದೇನೆ.