ಬೆಂಗಳೂರು–ಲಂಡನ್: ಟಿಕೆಟಿನಲ್ಲಿ ಐದೂವರೆ ಗಂಟೆ, ಆಕಾಶದಲ್ಲಿ ಎಷ್ಟು?

ಶಿರಸಿಯಿಂದ ಪ್ರಶ್ನೆ: ಅಪ್ಪ, ಆಯಿ ಜನವರಿಯಲ್ಲಿ ತಂಗಿಯ ಮನೆಗೆ ಹೊರಟಿದ್ದಾರೆ. ಬೆಂಗಳೂರು ಬಿಡುವುದು ಮಧ್ಯಾಹ್ನ 1.30, ಲಂಡನ್ ಮುಟ್ಟುವುದು ಅದೇ ಸಂಜೆ 7. ವಾಪಸ್ ಬರುವಾಗ ರಾತ್ರಿ 8.30ಕ್ಕೆ ಹೊರಟು ಮರುದಿನ ಮಧ್ಯಾಹ್ನ 12. ದೂರ ಸುಮಾರು 8,000 ಕಿ.ಮೀ., ವೇಗ 900 ಅಂತಾರೆ. ಯಾವ ಲೆಕ್ಕವೂ ತಾಳೆಯಾಗುತ್ತಿಲ್ಲ. ಆಯಿಗೆ ಮಂಡಿನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ. ಎಷ್ಟು ಹೊತ್ತು ಕೂರಬೇಕು?

ಕುಮಟಾದಿಂದ: ಟಿಕೆಟಿನ ಎರಡೂ ಸಮಯ ಆಯಾ ಊರಿನ ಗಡಿಯಾರದ್ದು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ, ಹನ್ನೊಂದು ಗಂಟೆ. ಬರುವಾಗ ಹದಿನೈದೂವರೆಯಲ್ಲಿ ಐದೂವರೆ ಕಳೆಯಿರಿ, ಹತ್ತು ಗಂಟೆ. ವಾಪಸಾಗುವುದು ಮಾರ್ಚ್ ಕೊನೆಯ ಭಾನುವಾರದ ನಂತರವಾದರೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟಿರುತ್ತಾರೆ, ಆಗ ವ್ಯತ್ಯಾಸ ನಾಲ್ಕೂವರೆ.

ಅಂಕೋಲಾದಿಂದ: ಆ 8,000 ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ. ಶಾಲೆಯ 30 ಸೆಂ.ಮೀ. ವ್ಯಾಸದ ಗ್ಲೋಬು ಸಿಕ್ಕರೆ ಎರಡು ಊರಿನ ನಡುವೆ ನೂಲು ಬಿಗಿಯಾಗಿ ಎಳೆದು ಅಳೆಯಿರಿ: ಸುಮಾರು 19 ಸೆಂ.ಮೀ. ಬರುತ್ತದೆ, ಒಂದು ಸೆಂ.ಮೀ.ಗೆ ಹತ್ತಿರಹತ್ತಿರ 425 ಕಿ.ಮೀ. ಗೋಡೆಯ ನಕ್ಷೆಯ ಮೇಲೆ ಅಳೆಯಬೇಡಿ. ಉತ್ತರಕ್ಕೆ ಹೋದಷ್ಟೂ ಅದು ಹಿಗ್ಗಿರುತ್ತದೆ. ಆದರೆ ವಿಮಾನ ನೂಲಿನ ಮೇಲೆಯೇ ಹೋಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿದಾಗ ಆ ವಿಮಾನಗಳು ಅರಬ್ಬಿ ಸಮುದ್ರದ ಮೇಲಿಂದ ಸುತ್ತು ಹಾಕಬೇಕಾಯಿತು.

ಹೊನ್ನಾವರದಿಂದ: ಗಾಳಿಯನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ, ಚಳಿಗಾಲದಲ್ಲಿ ಜೋರು. 900 ಎಂಬುದು ಗಾಳಿಯೊಳಗಿನ ವೇಗ. ಎದುರು ಗಾಳಿಗೆ ನೆಲದ ಲೆಕ್ಕದಲ್ಲಿ ಅದು 850ಕ್ಕೆ ಇಳಿಯಬಹುದು. ಸುತ್ತು ಸೇರಿ 8,500 ಕಿ.ಮೀ. ಎಂದು ಹಿಡಿದರೆ ಅಲ್ಲಿಗೇ ಹತ್ತು ಗಂಟೆ. ಟಿಕೆಟಿನ ಸಮಯ ಮಾತ್ರ ಗೇಟಿನಿಂದ ಗೇಟಿಗೆ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ನಿಧಾನವಾಗಿ ಏರಿ ಇಳಿಯುವುದು, ಎಲ್ಲ ಅದರಲ್ಲೇ. ಬರುವಾಗ ಅದೇ ಗಾಳಿ ಬೆನ್ನಿಗೆ.

ಶಿರಸಿಯಿಂದ: ದುಬೈ ಮೇಲೆ ಹೋದರೆ ದೂರ ಬಹಳ ಹೆಚ್ಚೇ?

ಕಾರವಾರದಿಂದ: ಇಲ್ಲ. ಬೆಂಗಳೂರು–ದುಬೈ ಸುಮಾರು 2,700, ಅಲ್ಲಿಂದ ಲಂಡನ್ 5,500. ಹೆಚ್ಚಾಗುವುದು ಸುಮಾರು ಇನ್ನೂರು ಕಿ.ಮೀ. ಮಾತ್ರ! ಸಮಯ ತಿನ್ನುವುದು ನಡುವಿನ ಕಾಯುವಿಕೆ. ನಾಲ್ಕು ಗಂಟೆ ಮತ್ತು ಏಳೂವರೆ ಗಂಟೆಯ ಎರಡು ತುಂಡು, ನಡುವೆ ಮೂರು ಗಂಟೆ ಸಿಕ್ಕರೆ ಮಂಡಿನೋವಿನವರಿಗೆ ನನ್ನ ಮಟ್ಟಿಗೆ ಅದೇ ಒಳ್ಳೆಯದು. ಎರಡು ಗಂಟೆಗಿಂತ ಕಡಿಮೆ ಬೇಡ. ಮೊದಲ ವಿಮಾನ ತಡವಾದರೆ ಓಡಬೇಕಾಗುತ್ತದೆ. ಎರಡೂ ತುಂಡು ಒಂದೇ ಪಿಎನ್‌ಆರ್‌ನಲ್ಲಿರಲಿ, ಇಲ್ಲದಿದ್ದರೆ ಬ್ಯಾಗ್ ನಡುವೆ ಇಳಿಸಿಕೊಳ್ಳುವ ಪಾಡು, ವಿಮಾನ ತಪ್ಪಿದರೆ ಕೇಳುವವರಿಲ್ಲ. ವೀಲ್‌ಚೇರ್ 48 ಗಂಟೆ ಮೊದಲೇ ಹೇಳಿಡಿ.

ಕುಮಟಾದಿಂದ: ಅಪ್ಪನ ಮಾತ್ರೆ ಕೈಚೀಲದಲ್ಲೇ ಇರಲಿ, ಕೆಳಗೆ ಹೋಗುವ ಬ್ಯಾಗಿನಲ್ಲಿ ಬೇಡ. ಆ ದಿನ ಅವರಿಗೆ ಇಪ್ಪತ್ತೊಂಬತ್ತೂವರೆ ಗಂಟೆ ಉದ್ದ. ಇಳಿಯುವವರೆಗೂ ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ. ಇನ್ಸುಲಿನ್ ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ಟಿಕೆಟ್ ತೋರಿಸಿ ಹೊತ್ತು ಬರೆಸಿಕೊಳ್ಳಿ.

ಅಂಕೋಲಾದಿಂದ: ಶಿರಸಿಯಿಂದ ಬೆಂಗಳೂರಿನ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ, 400 ಕಿ.ಮೀ. 1.30ರ ವಿಮಾನಕ್ಕೆ ಹತ್ತು ಗಂಟೆಯೊಳಗೆ ಏರ್‌ಪೋರ್ಟಿನಲ್ಲಿರಬೇಕು. ರಾತ್ರಿ ಬಸ್ಸು ಮೆಜೆಸ್ಟಿಕ್ ಮುಟ್ಟಿದ ಮೇಲೂ ದೇವನಹಳ್ಳಿ ಕಡೆಗೆ ವಾಯು ವಜ್ರ ಹಿಡಿಯಬೇಕು. ವಯಸ್ಸಾದವರು, ಹಿಂದಿನ ದಿನವೇ ಹೋಗಿ ಉಳಿಯಲಿ.