ಅಪ್‌ಡೇಟ್: ಕರಗುವ ಆಳದ ಲೆಕ್ಕ ಕೊನೆಗೂ ದಾರಿಗೆ ಬಂತು

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಕಡೆಯ ಸ್ಪ್ರೂಸ್ ಕಾಡಲ್ಲಿ ಬೇಸಿಗೆಗೆ ಹೆಪ್ಪುನೆಲ (ಒಳಗಿನ ನೀರು ಹೆಪ್ಪುಗಟ್ಟಿರೋ ನೆಲ) ಎಷ್ಟು ಆಳ ಕರಗುತ್ತೆ ಅಂತ, ಶಾಖದಿಂದ ಕರಗುವ ಆಳ ಲೆಕ್ಕಹಾಕೋ ಸ್ಟೆಫಾನ್ ಸೂತ್ರ ಹಾಕಿದ್ರೆ 2.16 ಮೀಟರ್ ಬರ್ತಿದೆ, ಇಷ್ಟೊಂದು ಯಾಕೆ ಅಂತ ಕೇಳಿದ್ದೆನಲ್ಲ, ತಪ್ಪು ನನ್ನದೇ.

ಗಾಳಿಯ ತಾಪಮಾನವನ್ನೇ ನೆಲದ ತಾಪಮಾನ ಅಂದ್ಕೊಂಡಿದ್ದೆ. ಮೇಲಿನ ಪಾಚಿ ಕಂಬಳಿ ಹೊದ್ದ ಹಾಗೆ, ಬಿಸಿಯನ್ನ ಸುಲಭವಾಗಿ ಕೆಳಗಿಳಿಯಲು ಬಿಡಲ್ಲ. ನೀವು ಹೇಳಿದಂತೆ ಗಾಳಿಯ 1800 ಡಿಗ್ರಿ-ದಿನಗಳನ್ನ (ದಿನದ ಸರಾಸರಿ ತಾಪಮಾನ ಸೊನ್ನೆಗಿಂತ ಎಷ್ಟು ಡಿಗ್ರಿ ಮೇಲಿದೆಯೋ ಅದರ ಬೇಸಿಗೆಯ ಒಟ್ಟು ಮೊತ್ತ) ನೆಲದ ಲೆಕ್ಕಕ್ಕೆ ತರೋಕೆ 0.5ರಿಂದ ಗುಣಿಸಿದೆ, ನೆಲದ ಉಷ್ಣವಾಹಕತೆ (ಶಾಖ ಎಷ್ಟು ಸುಲಭವಾಗಿ ದಾಟುತ್ತೆ ಅನ್ನೋ ಅಳತೆ) 1.5ರ ಬದಲು 0.5, ನೆಲದೊಳಗಿನ ಮಂಜುಗಡ್ಡೆಯ ಪಾಲು ಶೇ. 30ರ ಬದಲು ಶೇ. 60 ಇಟ್ಟೆ. ಸುಮಾರು 62 ಸೆಂ.ಮೀ. ಬಂತು! ಮಂಜುಗಡ್ಡೆ ಹೆಚ್ಚಿದ್ದಷ್ಟೂ ಕರಗಿಸೋಕೆ ಶಾಖ ಜಾಸ್ತಿ ಬೇಕು, ಇಷ್ಟು ಸರಳ ವಿಷಯ ಹೊಳೆದಿರಲಿಲ್ಲ.

ಆಳ ವರ್ಗಮೂಲದಲ್ಲಿ ಏರೋದ್ರಿಂದ ಡಿಗ್ರಿ-ದಿನ ಶೇ. 20 ಹೆಚ್ಚಾದ್ರೂ ಆಳ ಹೆಚ್ಚೋದು ಶೇ. 9.5ರಷ್ಟೇ. ಸಮಾಧಾನಪಟ್ಕೋಬೇಡಿ, ಕಾಡ್ಗಿಚ್ಚಿಗೆ ಪಾಚಿ ಸುಟ್ಟುಹೋದ್ರೆ ಡಿಗ್ರಿ-ದಿನಗಳನ್ನ ಗುಣಿಸಿದ ಆ 0.5 ಅನ್ನೋದೇ ಬದಲಾಗುತ್ತೆ.

ಇನ್ನೊಂದು ತಲೆನೋವು: ಕರಗಿದ ಆಳವನ್ನ ಸ್ಥಳದಲ್ಲಿ ಕಬ್ಬಿಣದ ಸಲಾಕೆ ಚುಚ್ಚಿ, ಗಟ್ಟಿ ತಾಗುವವರೆಗೆ ಅಳೀತಾರೆ. ಒಳಗಿನ ಮಂಜುಗಡ್ಡೆ ಕರಗಿ ನೆಲವೇ ಕುಸಿದಿದ್ರೆ ಸಲಾಕೆ ಕಡಿಮೆ ತೋರಿಸುತ್ತೆ. ಈಗ ಅದಕ್ಕೊಂದು ತಿದ್ದುಪಡಿ ಸೇರಿಸ್ತಿದ್ದೀನಿ.