ಐಸ್ ಮೇಕರ್ ಸದ್ದು ಜಾಸ್ತಿ, ಐಸ್ ಮಾತ್ರ ಪೊಳ್ಳು: ಏನು ಕಾರಣ?

ಪ್ರಶ್ನೆ: ಮನೆ ಕೊನೇ ಮಹಡಿಯಲ್ಲಿ, ನೆತ್ತಿ ಮೇಲೇ ಟ್ಯಾಂಕ್. ಸೈಡ್-ಬೈ-ಸೈಡ್ ಫ್ರಿಜ್‌ನ ಐಸ್ ಮೇಕರ್‌ಗೆ ಅದೇ ಲೈನಿಂದ ನೀರು ಕೊಟ್ಟಿದ್ದೇವೆ. ರಾತ್ರಿ ಮೊದಲು ಝೂಂ ಅನ್ನುತ್ತೆ, ಎಷ್ಟೋ ಹೊತ್ತಿನ ಮೇಲೆ ಚಟ್ ಚಟ್, ಕೊನೆಗೆ ದಬದಬ. ಬರೋ ಐಸ್ ಸಣ್ಣದು, ಒಳಗೆ ಪೊಳ್ಳು. ಯೂನಿಟ್ಟೇ ಬದಲಿಸಬೇಕು ಅಂತ ಒಬ್ಬ ಮೆಕ್ಯಾನಿಕ್ ಹೇಳಿದ್ರು. ನಿಜವಾ?

ಉತ್ತರ (ಫ್ರಿಜ್ ಟೆಕ್ನಿಶಿಯನ್): ಸದ್ಯಕ್ಕೆ ಬದಲಿಸಬೇಡಿ. ನೀವು ಹೇಳಿದ ಮೂರೂ ಸದ್ದು ಸಹಜ. ಝೂಂ ಅನ್ನೋದು ಹಿಂಭಾಗದ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯೋ ನಲ್ಲಿ) ತೆರೆದು ಅಚ್ಚಿಗೆ ನೀರು ಬಿಡೋದು, ಏಳೆಂಟು ಸೆಕೆಂಡ್ ಅಷ್ಟೆ. ಚಟ್ ಚಟ್ ಅಂದ್ರೆ ಐಸ್ ಬಿರಿಯೋದು. ಆಮೇಲೆ ಹೀಟರ್ ಅಚ್ಚನ್ನು ತುಸು ಬಿಸಿ ಮಾಡಿ ಅಂಚು ಬಿಡಿಸುತ್ತೆ, ಮೋಟರ್ ನಿಧಾನವಾಗಿ ತಿರುಗಿ ಐಸನ್ನು ಬುಟ್ಟಿಗೆ ತಳ್ಳುತ್ತೆ. ಆ ದಬದಬವೇ ಅದು.

ನಿಮ್ಮ ಸಮಸ್ಯೆ ನೀರಿನ ಒತ್ತಡದ್ದು. ಈ ವಾಲ್ವ್‌ಗಳಿಗೆ ಸಾಮಾನ್ಯವಾಗಿ ಕನಿಷ್ಠ 20 ಪಿಎಸ್‌ಐ (ಒತ್ತಡ ಅಳೆಯೋ ಮಾನ) ಬೇಕು. 10 ಮೀಟರ್ ಎತ್ತರದ ನೀರು ಕೊಡೋದು ಸುಮಾರು 14 ಪಿಎಸ್‌ಐ. ಟ್ಯಾಂಕ್ ನಿಮಗಿಂತ ಮೂರು ಮೀಟರ್ ಮೇಲಿದ್ರೆ ನಾಲ್ಕು ಪಿಎಸ್‌ಐ ಬಂದ್ರೆ ಹೆಚ್ಚು. ವಾಲ್ವ್ ನೀರನ್ನು ಅಳೆಯಲ್ಲ, ಹೊತ್ತು ನೋಡಿ ಮುಚ್ಚುತ್ತೆ. ಹಾಗಾಗಿ ಅಚ್ಚು ಅರ್ಧಕ್ಕೇ ನಿಲ್ಲುತ್ತೆ, ಲೋಹ ಬೇಗ ತಣ್ಣಗಾಗುತ್ತೆ, ಐಸ್ ಆಯ್ತು ಅಂದುಕೊಂಡು ಥರ್ಮೋಸ್ಟಾಟ್ ಮೋಟರ್ ತಿರುಗಿಸಿಬಿಡುತ್ತೆ. ನಡುವಿನ ನೀರು ಆಗಿನ್ನೂ ನೀರೇ. ಪೊಳ್ಳು ಐಸ್ ಅಲ್ಲಿಂದ.

ಪರೀಕ್ಷೆ ಸುಲಭ. ಪ್ಲಗ್ ತೆಗೆದು ನೀರು ನಿಲ್ಲಿಸಿ, ಫ್ರಿಜ್ ಹಿಂದಿನ ಕಾಲಿಂಚಿನ ಪೈಪ್ ಬಿಚ್ಚಿ ಒಂದು ಲೀಟರ್ ಬಾಟಲಿಗೆ ಹಿಡಿದು ನೀರು ಬಿಡಿ. ತುಂಬಾ ಮಾಡೆಲ್‌ಗಳಲ್ಲಿ ಒಂದು ಸಲಕ್ಕೆ, ಆ ಏಳೆಂಟು ಸೆಕೆಂಡಲ್ಲೇ, ಸುಮಾರು 140 ಮಿಲಿ ಬೇಕು. ಅಂದ್ರೆ ನಿಮಿಷಕ್ಕೆ ಒಂದು ಲೀಟರ್‌ಗಿಂತ ಜಾಸ್ತಿ. ಬಾಟಲಿ ತುಂಬೋಕೆ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತಾದ್ರೆ ಯೂನಿಟ್ಟನ್ನು ಬೈದು ಪ್ರಯೋಜನವಿಲ್ಲ. ಪೈಪ್ ಬಿಚ್ಚಿದಾಗಲೇ ವಾಲ್ವ್ ಬಾಯಲ್ಲಿರೋ ಸಣ್ಣ ಜಾಲರಿಯನ್ನೂ ಹಳೇ ಬ್ರಷ್‌ನಿಂದ ಉಜ್ಜಿ. ಬೋರ್‌ವೆಲ್ ನೀರಾದ್ರೆ ಮರಳು, ಸುಣ್ಣ ಕೂತಿರುತ್ತೆ. ಫಿಲ್ಟರ್ ಹಾಕಿ ಆರು ತಿಂಗಳು ದಾಟಿದ್ರೆ ಅದನ್ನೂ ಬದಲಿಸಿ. ಅಷ್ಟಾದ್ರೂ ಸರಿಹೋಗದಿದ್ರೆ ಪ್ರೆಶರ್ ಸ್ವಿಚ್ ಇರೋ ಸಣ್ಣ ಬೂಸ್ಟರ್ ಪಂಪ್ ಹಾಕಿಸಿ.

ಮರುಪ್ರಶ್ನೆ: ಅಡುಗೆಮನೆ ಆರ್‌ಒದಿಂದ ಲೈನ್ ಎಳೆದ್ರೆ?

ಉತ್ತರ: ಇನ್ನೂ ಕಷ್ಟ. ನಮ್ಮ ಕಡೆಯ ಬಹುಪಾಲು ಆರ್‌ಒಗಳಲ್ಲಿ ನೀರು ಒಳಗಿನ ತೊಟ್ಟಿಯಿಂದ ತಾನಾಗಿ ಇಳಿದು ಬರೋದು, ಒತ್ತಡ ಇಲ್ಲವೇ ಇಲ್ಲ. ನಡುವೆ ಪಂಪ್ ಬೇಕೇ ಬೇಕು.

ಇನ್ನೊಂದು ಮಾತು. ಒತ್ತಡ ಕಡಿಮೆಯಾದ್ರೆ ವಾಲ್ವ್ ಗಟ್ಟಿಯಾಗಿ ಮುಚ್ಚೋದೂ ಇಲ್ಲ, ಯಾಕೆಂದ್ರೆ ಒಳಗಿನ ರಬ್ಬರನ್ನು ಒತ್ತಿ ಹಿಡಿಯೋದು ನೀರೇ. ತೊಟ್ಟಿಕ್ಕಿದ ಹನಿ ಅಚ್ಚಿಗೆ ನೀರು ಬಿಡೋ ಮೇಲಿನ ಫಿಲ್ ಟ್ಯೂಬ್‌ನಲ್ಲಿ ಹೆಪ್ಪುಗಟ್ಟಿ ಐಸ್ ಪೂರಾ ನಿಲ್ಲುತ್ತೆ. ಆಗ ಪ್ಲಗ್ ತೆಗೆದು ಬಾಗಿಲು ತೆರೆದಿಟ್ಟು ಕರಗಿಸಿ, ಇಲ್ಲವೇ ಸಿರಿಂಜ್‌ನಲ್ಲಿ ಬೆಚ್ಚನೆ ನೀರು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಬೇಡಿ ದಯವಿಟ್ಟು.

ಮತ್ತೊಬ್ಬರ ಪ್ರಶ್ನೆ: ನಾವು ನೀರಿನ ಲೈನೇ ಕೊಟ್ಟಿಲ್ಲ. ಆದ್ರೂ ಆಗಾಗ ಗುಂಯ್ ಅನ್ನುತ್ತೆ.

ಉತ್ತರ: ಯಂತ್ರಕ್ಕೆ ಲೈನ್ ಇಲ್ಲ ಅಂತ ಗೊತ್ತಿಲ್ಲ, ವಾಲ್ವ್ ತೆರೆಯುತ್ತಲೇ ಇರುತ್ತೆ. ಬುಟ್ಟಿ ಮೇಲಿರೋ ತಂತಿ ಕೈಯನ್ನು ಮೇಲಕ್ಕೆತ್ತಿಡಿ, ಅಥವಾ ಪ್ಯಾನೆಲ್‌ನಲ್ಲಿ ಐಸ್ ಆಫ್ ಮಾಡಿ. ಬುಟ್ಟಿ ತುಂಬಿದಾಗ ಐಸ್ ನಿಲ್ಲಿಸೋದೂ ಅದೇ ತಂತಿ. ಕೆಲವರ ಮನೆಯಲ್ಲಿ ಬಟಾಣಿ ಪೊಟ್ಟಣ ತಾಗಿ ಅದು ಎದ್ದೇ ಇರುತ್ತೆ, ಐಸ್ ಬರ್ತಿಲ್ಲ ಅಂತ ದೂರು!

ಪ್ರಶ್ನೆ: ಹಾಗಾದ್ರೆ ಯಾವ ಸದ್ದಿಗೆ ನಿಮ್ಮನ್ನು ಕರೀಬೇಕು?

ಉತ್ತರ: ಲೈನ್ ಇದ್ದು, ಝೂಂ ಅಂದ್ರೂ ನೀರು ಬೀಳದಿದ್ರೆ ಮೊದಲು ಜಾಲರಿ, ಫಿಲ್ ಟ್ಯೂಬ್ ನೋಡಿ. ಅವು ಸರಿಯಿದ್ರೆ ಕರೀರಿ. ಐಸ್ ತಳ್ಳೋ ಹೊತ್ತಲ್ಲಿ ಕಟಕಟ ಅಂತ ಒಂದೇ ಸಮ ಕೇಳಿದ್ರೆ ಗೇರ್ ಹಲ್ಲು ಸವೆದಿದೆ, ಇಲ್ಲವೇ ಐಸ್ ಸಿಕ್ಕಿಕೊಂಡಿದೆ. ಕೆಳಗೆ ಕಂಪ್ರೆಸರ್ ಹತ್ತಿರ ಟಕ್ ಅಂದು, ಸ್ವಲ್ಪ ಗುಂಯ್‌ಗುಟ್ಟಿ, ಮತ್ತೆ ಟಕ್ ಅಂತಿದ್ರೆ ಅದು ಐಸ್ ಮೇಕರ್ ಕಥೆಯೇ ಅಲ್ಲ. ಕಂಪ್ರೆಸರ್ ಚಾಲೂ ಮಾಡೋ ರಿಲೇ, ಕಡಿಮೆ ವೋಲ್ಟೇಜ್ ಅಥವಾ ಕಂಪ್ರೆಸರೇ ಕಾರಣ ಇರಬಹುದು. ಅದಕ್ಕೆ ಮಾತ್ರ ತಡ ಮಾಡಬೇಡಿ.